ಹೆಣ್ಣುನವಿಲು ಏನನ್ನು ನೋಡುತ್ತದೆ?

ಮುಂಗಾರು ಹಿಡಿಯುವ ಹೊತ್ತಿಗೆ ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಗೆ ಬೆಳಗ್ಗೆ ಬೇಗ ಹೋಗಿ, ಒಂದು ಕಡೆ ಸುಮ್ನೆ ಕೂತು ನೋಡಿ. ಗಂಡುನವಿಲು ಗರಿ ಬಿಚ್ಚಿ ನಿಲ್ಲುತ್ತದೆ. ಮೈ ನಡುಗಿಸಿದರೆ ಸಾಕು, ಗರಿಗಳೆಲ್ಲ ಒಣಗಿದ ಜೋಳದ ರವದಿಯ ಹಾಗೆ ಸರಸರ ಅನ್ನುತ್ತವೆ. ಹೆಣ್ಣು ಮಾತ್ರ ಅದರ ಪಾಡಿಗೆ ಹುಳ ಹೆಕ್ಕುತ್ತಿರುತ್ತದೆ. ಇದು ನೋಡ್ತಾನೇ ಇಲ್ವಲ್ಲ ಅನ್ನಿಸುತ್ತದೆ.

ಅದು ನಿಜವಾಗಿ ನೋಡುತ್ತದೋ ಇಲ್ಲವೋ ಎಂಬ ವಾದ ನೂರು ವರ್ಷಕ್ಕೂ ಹಳೆಯದು.

1860ರಲ್ಲಿ ಚಾರ್ಲ್ಸ್ ಡಾರ್ವಿನ್ ಗೆಳೆಯನಿಗೆ ಬರೆದ ಪತ್ರದಲ್ಲಿ, ನವಿಲುಗರಿ ಕಂಡರೆ ತನಗೆ ಸಂಕಟವಾಗುತ್ತದೆ ಎಂದಿದ್ದ. ಬದುಕಲು ನೆರವಾಗುವ ಗುಣಗಳು ಉಳಿಯುತ್ತವೆ ಅನ್ನುವುದು ಅವನ ಸಿದ್ಧಾಂತ. ಅಷ್ಟುದ್ದದ ಗರಿ ಎಳೆದುಕೊಂಡು ನರಿ, ನಾಯಿಯಿಂದ ತಪ್ಪಿಸಿಕೊಳ್ಳುವುದು ಹೇಗೆ? 1871ರಲ್ಲಿ ಉತ್ತರ ಕೊಟ್ಟ. ಹೆಣ್ಣಿಗಾಗಿ ಗಂಡುಗಳು ಕಾದಾಡುತ್ತವೆ, ಜೊತೆಗೆ ಹೆಣ್ಣೂ ತನಗೆ ಬೇಕಾದ ಗಂಡನ್ನು ಆರಿಸುತ್ತದೆ ಎಂದ.

ಕಾದಾಟದ ಮಾತನ್ನು ಜನ ಒಪ್ಪಿದರು. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗಗಳನ್ನೇ ನೋಡಿ, ತಿರುಚಿದ ಕೊಂಬು ಗಂಡಿಗೇ, ಜಾಗಕ್ಕಾಗಿ ಗುದ್ದಾಡುವುದೂ ಗಂಡೇ. ಆದರೆ ಹೆಣ್ಣು ಆರಿಸುತ್ತದೆ ಅನ್ನುವುದು ಬಹಳ ಜನರ ಗಂಟಲಲ್ಲಿ ಇಳಿಯಲಿಲ್ಲ. ಡಾರ್ವಿನ್ ಜೊತೆಗಾರ ವ್ಯಾಲೇಸ್ ಕೂಡ ಒಪ್ಪಲಿಲ್ಲ. ಹಕ್ಕಿಗೆ ಅಂಥ ರುಚಿ ಎಲ್ಲಿಂದ ಬರಬೇಕು ಅನ್ನುವ ಅನುಮಾನ. ನನಗಂತೂ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ. ಬೀಜದ ಹೋರಿ ಆರಿಸುವಾಗ ನಮ್ಮ ರೈತರು ಕೊಂಬು, ಹಿಣಿಲು, ನಡಿಗೆ ಎಲ್ಲ ನೋಡುತ್ತಾರೆ. ಬಂಕಾಪುರದ ಕೋಟೆಯೊಳಗೇ ಖಿಲಾರಿ ದನಗಳ ತಳಿ ಕೇಂದ್ರ ಇದೆ. ಮನುಷ್ಯ ಆರಿಸಿ ಆರಿಸಿ ತಳಿಯ ರೂಪ ಬದಲಿಸಬಹುದಾದರೆ ಹೆಣ್ಣುನವಿಲಿಗೆ ಯಾಕಾಗಬಾರದು, ಅಲ್ವಾ?

1930ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರೊನಾಲ್ಡ್ ಫಿಶರ್ ಇದಕ್ಕೆ ತರ್ಕದ ಬಲ ಕೊಟ್ಟ. ಉದ್ದ ಗರಿ ಮೆಚ್ಚಿದ ತಾಯಿಯ ಗಂಡುಮರಿಗೆ ಗರಿ ಬರುತ್ತದೆ, ಹೆಣ್ಣುಮರಿಗೆ ಆ ಮೆಚ್ಚುಗೆ ಬರುತ್ತದೆ. ಎರಡೂ ಒಂದನ್ನೊಂದು ತಳ್ಳುತ್ತಾ ಬೆಳೆಯುತ್ತವೆ. 1975ರಲ್ಲಿ ಇಸ್ರೇಲಿನ ಅಮೋಟ್ಜ್ ಜಹಾವಿ ಬೇರೆ ದಾರಿ ಹಿಡಿದ. ಗರಿ ಹೊರೆ, ನಿಜ. ಆ ಹೊರೆಯೇ ಸಾಕ್ಷಿ ಎಂದ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನ ಕಸುವನ್ನು ಬಾಯಿಮಾತಲ್ಲಿ ಹೇಳಬೇಕಿಲ್ಲವಲ್ಲ, ಹಾಗೆ.

ಪರೀಕ್ಷೆ ಮಾಡಿ ತೋರಿಸಿದ್ದು 1982ರಲ್ಲಿ. ಮಾಲ್ಟೆ ಆಂಡರ್ಸನ್ ಕೆನ್ಯಾದಲ್ಲಿ ಉದ್ದ ಬಾಲದ ವಿಡೋಬರ್ಡ್ ಹಕ್ಕಿಗಳ ಬಾಲ ಕತ್ತರಿಸಿ, ಆ ತುಂಡನ್ನು ಬೇರೆ ಗಂಡುಗಳಿಗೆ ಅಂಟಿಸಿದ. ಬಾಲ ಉದ್ದವಾದ ಗಂಡಿನ ಜಾಗದಲ್ಲಿ ಜಾಸ್ತಿ ಹೆಣ್ಣುಗಳು ಗೂಡು ಮಾಡಿದವು. ನವಿಲಿನ ಸರದಿ 1991ರಲ್ಲಿ ಬಂತು. ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿ ಗರಿಯ ಕಣ್ಣುಗಳನ್ನು ಎಣಿಸಿದರು. ಜಾಸ್ತಿ ಕಣ್ಣಿದ್ದ ಗಂಡಿಗೆ ಜಾಸ್ತಿ ಜೋಡಿ ಸಿಕ್ಕಿತ್ತು. ಅಲ್ಲಿಗೆ ವಾದ ಮುಗಿಯಲಿಲ್ಲ. ಜಪಾನಿನಲ್ಲಿ ಏಳು ವರ್ಷ ನವಿಲುಗಳನ್ನು ಗಮನಿಸಿದವರು, ನಮಗೆ ಹಾಗೆ ಕಾಣಲಿಲ್ಲ ಎಂದು 2008ರಲ್ಲಿ ಬರೆದರು.

ಕೊನೆಗೆ 2013ರಲ್ಲಿ ಹೆಣ್ಣುನವಿಲಿನ ತಲೆಗೇ ಪುಟ್ಟ ಕ್ಯಾಮೆರಾ ಕಟ್ಟಿ, ಕಣ್ಣು ಎಲ್ಲಿ ಹೊರಳುತ್ತದೆ ಎಂದು ಅಳೆದರು. ಹೆಚ್ಚು ಹೊತ್ತು ಅದು ಸುತ್ತಮುತ್ತಲೇ ನೋಡುತ್ತಿತ್ತು. ಗಂಡಿನ ಕಡೆ ತಿರುಗಿದಾಗ ಅದರ ತಲೆಗಿಂತ ಮೇಲೆ ಹರಡಿದ ಗರಿಗಳನ್ನು ನೋಡಿದ್ದು ಅಪರೂಪ. ಕೆಳಗಿನ ಗರಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿ, ಮತ್ತೆ ಬೇರೆ ಕಡೆ ತಿರುಗುತ್ತಿತ್ತು.