ಫ್ಲ್ಯಾಶ್ ಪಾರ್ಟಿಷನ್‌ಗೆ ಕರ್ನಲ್ ಕಾನ್ಫಿಗ್ ಜೋಡಿಸುವುದು: 64ಕೆ ಗೆರೆ ಮತ್ತು ಹ್ಯಾಶ್ ಸಾಲು

ಉದಾಹರಣೆಗೆ ಇಟ್ಟುಕೊಂಡಿರುವುದು ಶಿರಸಿ ಕಡೆಯ ಅಡಿಕೆ ಒಣಗಿಸುವ ಶೆಡ್ಡಿನಲ್ಲಿ ಉಷ್ಣತೆ, ತೇವಾಂಶ ದಾಖಲಿಸುವ ಸಣ್ಣ ಲಿನಕ್ಸ್ ಬೋರ್ಡ್. 16 ಎಂಬಿ ಎಸ್‌ಪಿಐ ನಾರ್ ಫ್ಲ್ಯಾಶ್, ವಿನ್‌ಬಾಂಡ್ ಡಬ್ಲ್ಯು25ಕ್ಯೂ128 ಬಗೆಯದು. ಬಿಲ್ಡ್ ಆಗುವುದು ಕಾರವಾರದಲ್ಲಿ. ಇಮೇಜ್ ತಪ್ಪಿತೋ, ದೇವಿಮನೆ ಘಟ್ಟ ಹತ್ತಿ ಹೋಗಿ ಸೀರಿಯಲ್ ಕೇಬಲ್ ಚುಚ್ಚಬೇಕು. ಮಳೆಗಾಲದಲ್ಲಿ ಕರೆಂಟ್ ಯಾವ ಗಳಿಗೆಯಲ್ಲಿ ಹೋದೀತು ಹೇಳಲು ಬಾರದ ಊರು, ಹಾಗಾಗಿ ರೂಟ್ ಫೈಲ್‌ಸಿಸ್ಟಮ್ ಯುಬಿಐಎಫ್‌ಎಸ್: ಫ್ಲ್ಯಾಶ್‌ಗೆಂದೇ ಮಾಡಿದ, ನಡುವೆ ಕರೆಂಟ್ ಹೋದರೂ ತಾಳುವ, ಯುಬಿಐ ಎಂಬ ಪದರದ ಮೇಲೆ ಕೂರುವ ಫೈಲ್‌ಸಿಸ್ಟಮ್. ಆಯ್ಕೆಗಳ ಹೆಸರಿನ ಮೊದಲಿಗೆ ಬರುವ 'ಕಾನ್ಫಿಗ್_' ಭಾಗವನ್ನು ಇಲ್ಲಿ ಬಿಟ್ಟಿದೆ.

ಮೂರು ಗುಂಪು ಸಾಕು

ಮೆನುಕಾನ್ಫಿಗ್‌ನಲ್ಲಿ (ಕರ್ನಲ್ ಆಯ್ಕೆಗಳನ್ನು ಆರಿಸುವ ಪರದೆ) ಡಿವೈಸ್ ಡ್ರೈವರ್ಸ್ ಒಳಗಿನ ಎಂಟಿಡಿ, ಅಂದರೆ ಫ್ಲ್ಯಾಶ್ ನೋಡಿಕೊಳ್ಳುವ ಭಾಗದ ಮೆನು ತೆರೆದರೆ ಆಯ್ಕೆಗಳ ಸಂತೆಯೇ ಕಾಣುತ್ತದೆ. ಪಾರ್ಟಿಷನ್ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಮೂರೇ. ಚಿಪ್ಪನ್ನು ಗುರುತಿಸುವವರು ಯಾರು? ಎಂಟಿಡಿ ಮತ್ತು ಎಂಟಿಡಿ_ಎಸ್‌ಪಿಐ_ನಾರ್, ಜೊತೆಗೆ ಎಸ್‌ಪಿಐ ಕಂಟ್ರೋಲರ್ ಡ್ರೈವರ್. ಗಡಿ ಎಳೆಯುವವರು ಯಾರು? ಪಾರ್ಸರ್‌ಗಳು: ಎಂಟಿಡಿ_ಸಿಎಂಡಿಲೈನ್_ಪಾರ್ಟ್ಸ್, ಎಂಟಿಡಿ_ಓಎಫ್_ಪಾರ್ಟ್ಸ್, ಇನ್ನು ರೆಡ್‌ಬೂಟ್, ಎಎಫ್‌ಎಸ್‌ನಂಥವು ಆಯಾ ಬೂಟ್‌ಲೋಡರ್ ಇದ್ದವರಿಗೆ ಮಾತ್ರ. ಎಳೆದ ತುಂಡುಗಳನ್ನು ಬಳಸುವವರು ಯಾರು? ಎಂಟಿಡಿ_ಬ್ಲಾಕ್, ಎಂಟಿಡಿ_ಯುಬಿಐ, ಯುಬಿಐಎಫ್‌ಎಸ್_ಎಫ್‌ಎಸ್.

ಫ್ರ್ಯಾಗ್ಮೆಂಟ್ ಫೈಲನ್ನೂ (ಬೇಕಾದ ಆಯ್ಕೆಗಳನ್ನಷ್ಟೇ ಬರೆದ ತುಂಡು ಕಾನ್ಫಿಗ್) ಇದೇ ಕ್ರಮದಲ್ಲಿ ಬರೆದಿಡಿ. ಫ್ಲ್ಯಾಶ್‌ಗೆ ಸಂಬಂಧಪಟ್ಟಿದ್ದೆಲ್ಲ ಒಂದೇ ಫೈಲಿನಲ್ಲಿರಲಿ, ನೆಟ್‌ವರ್ಕ್, ಸೆನ್ಸರ್ ಬೇರೆ ಫೈಲಿನಲ್ಲಿ. ಎಲ್ಲವನ್ನೂ ಕೂಡಿಸಲು ಕರ್ನಲ್ ಮೂಲದಲ್ಲೇ ಸ್ಕ್ರಿಪ್ಟ್ಸ್/ಕೆಕಾನ್ಫಿಗ್ ಒಳಗೆ ಮರ್ಜ್_ಕಾನ್ಫಿಗ್ ಸ್ಕ್ರಿಪ್ಟ್ ಇದೆ. ನೀವು ಕೇಳಿದ ಬೆಲೆ ಕೊನೆಯ ಫೈಲಿನಲ್ಲಿ ಸಿಗದಿದ್ದರೆ 'ಕೇಳಿದ್ದು ಇದು, ಸಿಕ್ಕಿದ್ದು ಇದು' ಎಂದು ಎಚ್ಚರಿಕೆ ಕೊಡುತ್ತದೆ. ಇದನ್ನು ಓದದೆ ಮುಂದೆ ಹೋಗಬೇಡಿ. ಹೆಚ್ಚಿನ ಸಲ ಕಾರಣ ಒಂದೇ, ಮೇಲಿನ ಅವಲಂಬನೆ ಆನ್ ಆಗಿಲ್ಲ. ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ಬೆಂಬಲಿಸುವ ಓಎಫ್ ಇಲ್ಲದೆ ಎಂಟಿಡಿ_ಓಎಫ್_ಪಾರ್ಟ್ಸ್ ಬರುವುದಿಲ್ಲ.

ಹಳೆಯ ಟ್ಯುಟೋರಿಯಲ್‌ಗಳಲ್ಲಿ ಎಂಟಿಡಿ_ಪಾರ್ಟಿಷನ್ಸ್ ಎಂಬ ಆಯ್ಕೆಯನ್ನು ಆನ್ ಮಾಡಿ ಎಂದಿರುತ್ತದೆ. ಈಗಿನ ಕರ್ನಲ್‌ನಲ್ಲಿ ಅದು ಇಲ್ಲ. ಪಾರ್ಟಿಷನ್ ಸೌಲಭ್ಯ ಎಂಟಿಡಿ ತಿರುಳಿನಲ್ಲೇ ಸೇರಿಹೋಗಿದೆ. ಹುಡುಕಿ ಸಮಯ ಕಳೆಯಬೇಡಿ.

ಯಾರ ನಕ್ಷೆ ಗೆಲ್ಲುತ್ತದೆ

ಡ್ರೈವರ್ ತನ್ನದೇ ಪಟ್ಟಿ ಕೊಡದಿದ್ದರೆ ಕರ್ನಲ್ ಮೊದಲು ಕಮಾಂಡ್‌ಲೈನ್ ಪಾರ್ಸರನ್ನು ಕೇಳುತ್ತದೆ, ಆಮೇಲೆ ಡಿವೈಸ್ ಟ್ರೀಯನ್ನು. ಮೊದಲು ಯಾರು ಒಂದಾದರೂ ಪಾರ್ಟಿಷನ್ ಕೊಡುತ್ತಾರೋ ಅವರದ್ದೇ ನಕ್ಷೆ. ಎರಡನ್ನೂ ಬೆರೆಸುವ ಪದ್ಧತಿ ಇಲ್ಲ.

ಕಮಾಂಡ್‌ಲೈನ್ ಎಂದರೆ ಬೂಟ್‌ಲೋಡರ್ ಕರ್ನಲ್‌ಗೆ ಕೊಡುವ ಸಾಲು. ಅದರಲ್ಲಿ ನಕ್ಷೆ ಹೀಗಿರುತ್ತದೆ (ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರ):

ಎಂಟಿಡಿಪಾರ್ಟ್ಸ್=ಎಸ್‌ಪಿಐ0.0:512ಕೆ(ಯುಬೂಟ್),64ಕೆ(ಎನ್ವ್),4096ಕೆ(ಕರ್ನಲ್),-(ರೂಟ್‌ಎಫ್‌ಎಸ್)

ಯುಬೂಟ್ ಎಂದರೆ ಬೂಟ್‌ಲೋಡರ್, ಎನ್ವ್ ಎಂದರೆ ಅದರ ಸೆಟ್ಟಿಂಗ್‌ಗಳು ಕೂರುವ ಜಾಗ. ಕೋಲನ್ ಮುಂಚಿನ ಹೆಸರು ಕರ್ನಲ್ ಆ ಚಿಪ್ಪಿಗೆ ಇಟ್ಟ ಹೆಸರಿಗೆ ಅಕ್ಷರಶಃ ಹೊಂದಬೇಕು. ಡಿವೈಸ್ ಟ್ರೀಯಲ್ಲಿ ಫ್ಲ್ಯಾಶ್ ನೋಡ್‌ಗೆ ಲೇಬಲ್ ಕೊಟ್ಟಿದ್ದರೆ ಹೆಸರು ಆ ಲೇಬಲ್ಲೇ ಆಗುತ್ತದೆ, ಆಗ ಎಸ್‌ಪಿಐ0.0 ನಡೆಯದು. ಮಧ್ಯೆ ಸ್ಪೇಸ್ ಬಿಟ್ಟರೆ ಅಲ್ಲಿಗೇ ಸಾಲು ತುಂಡಾಗುತ್ತದೆ. ಕೊನೆಯ ಅಡ್ಡಗೆರೆ ಎಂದರೆ ಉಳಿದಿದ್ದೆಲ್ಲ. ಆವರಣ ಮುಚ್ಚಿದ ಕೂಡಲೇ 'ಆರ್‌ಓ' ಸೇರಿಸಿದರೆ ಆ ತುಂಡು ಓದಲು ಮಾತ್ರ. ಯುಬೂಟ್ ತುಂಡಿಗೆ ಹಾಕಿಟ್ಟರೆ ಒಳ್ಳೆಯದು.

ಸಿಎಂಡಿಲೈನ್ ಪಾರ್ಸರನ್ನು ಮಾಡ್ಯೂಲ್ ಮಾಡಬೇಡಿ. ರೂಟ್ ಮೌಂಟ್ ಆಗುವ ಮೊದಲು ಮಾಡ್ಯೂಲ್ ತರಲು ಮೋಡ್‌ಪ್ರೋಬ್ ಎಲ್ಲಿದೆ? ಪಾರ್ಸರ್ ಸಿಗದೆ ಕರ್ನಲ್ ಸುಮ್ಮನೆ ಡಿವೈಸ್ ಟ್ರೀಗೆ ಜಾರುತ್ತದೆ. ಬೂಟ್ ಲಾಗ್‌ನಲ್ಲಿ 'ಇಷ್ಟು ಪಾರ್ಟಿಷನ್ ಸಿಕ್ಕವು' ಎಂಬ ಸಾಲಿನಲ್ಲಿ ಪಾರ್ಸರ್ ಹೆಸರೂ ಇರುತ್ತದೆ: 'ಸಿಎಂಡಿಲೈನ್‌ಪಾರ್ಟ್' ಎಂದಿದೆಯೋ 'ಫಿಕ್ಸ್ಡ್-ಪಾರ್ಟಿಷನ್ಸ್' ಎಂದಿದೆಯೋ ನೋಡಿದರೆ ಗೊತ್ತಾಯಿತು.

64ಕೆ ಗೆರೆ

ಇಲ್ಲಿ ನಿಧಾನವಾಗಿ ಹೋಗೋಣ, ಉಳಿದ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಲ್ಲಿಯವೇ.

ಫ್ಲ್ಯಾಶ್‌ನಲ್ಲಿ ಬರೆಯುವುದೆಂದರೆ 1 ಇದ್ದಲ್ಲಿ 0 ಮಾಡುವುದು. ಮತ್ತೆ 1 ಆಗಬೇಕಾದರೆ ಇರೇಸ್ ಬ್ಲಾಕ್ ಪೂರ್ತಿ ಅಳಿಸಬೇಕು. ಗದ್ದೆಯ ಕಟ್ಟು ಒಡೆದರೆ ಆ ಗದ್ದೆಯ ನೀರೆಲ್ಲ ಹೋಗುತ್ತದೆ, ನನ್ನ ಪಾಲಿನ ಅರ್ಧದ್ದು ಮಾತ್ರ ಬಿಡುತ್ತೇನೆ ಅನ್ನಲಾಗದು; ಪಾಲು ಮಾಡುವುದಿದ್ದರೆ ಬದುವಿನ ಮೇಲೇ ಮಾಡಬೇಕು. ಹಾಗಾಗಿ ಪಾರ್ಟಿಷನ್ ಶುರುವಾಗುವ ಜಾಗ ಅಥವಾ ಮುಗಿಯುವ ಜಾಗ ಇರೇಸ್ ಬ್ಲಾಕಿನ ಗೆರೆಯ ಮೇಲೆ ಇಲ್ಲದಿದ್ದರೆ ಕರ್ನಲ್ ಆ ಪಾರ್ಟಿಷನ್ನನ್ನು ಬಲವಂತವಾಗಿ ಓದಲು ಮಾತ್ರ ಎಂದು ಮಾಡುತ್ತದೆ. ಬೂಟ್ ನಿಲ್ಲುವುದಿಲ್ಲ. ಲಾಗ್‌ನಲ್ಲಿ ಒಂದು ಎಚ್ಚರಿಕೆ ಸಾಲು, ಅಷ್ಟೇ.

ಇರೇಸ್ ಬ್ಲಾಕ್ ಎಷ್ಟು? ನಮ್ಮ ಚಿಪ್ ಅಳಿಸಬಲ್ಲ ಗಾತ್ರಗಳಲ್ಲಿ ಇಲ್ಲಿ ಮುಖ್ಯವಾದವು ಎರಡು: 64ಕೆ ಬ್ಲಾಕ್ 256 ಇವೆ, 4ಕೆ ಸೆಕ್ಟರ್ 4096 ಇವೆ. ಕರ್ನಲ್ ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ಎಂಟಿಡಿ_ಎಸ್‌ಪಿಐ_ನಾರ್_ಯೂಸ್_4ಕೆ_ಸೆಕ್ಟರ್ಸ್ ತೀರ್ಮಾನಿಸುತ್ತದೆ. ಅದರ ಡೀಫಾಲ್ಟ್ ಆನ್, ಅಂದರೆ 4ಕೆ. ಈ ಆಯ್ಕೆ ಪಾರ್ಸರ್ ಗುಂಪಿನಲ್ಲಿ ಕಾಣುವುದೇ ಇಲ್ಲ, ಡ್ರೈವರ್ ಗುಂಪಿನಲ್ಲಿದೆ. ಆದರೂ ನಿಮ್ಮ ಪಾರ್ಟಿಷನ್ ನಕ್ಷೆ ಸರಿಯೋ ತಪ್ಪೋ ಎಂಬುದು ನಿಂತಿರುವುದು ಇದರ ಮೇಲೇ.

ಈಗ ಲೆಕ್ಕ. ಜಾಗ ಉಳಿಸಲು ಯಾರೋ ಎನ್ವ್ ತುಂಡಿಗೆ 4ಕೆ ಮಾತ್ರ ಕೊಟ್ಟರು ಎನ್ನಿ:

ಯುಬೂಟ್: 0ಯಿಂದ 512ಕೆ. 512 ÷ 64 = 8, ಸರಿ.
ಎನ್ವ್: 512ಕೆಯಿಂದ 516ಕೆ. ಶುರು ಸರಿ, 516 ÷ 64 ಪೂರ್ಣಾಂಕವಲ್ಲ, ಮುಗಿಯುವುದು ತಪ್ಪು.
ಕರ್ನಲ್: 516ಕೆಯಿಂದ 4612ಕೆ. ಎರಡೂ ತಪ್ಪು.
ರೂಟ್‌ಎಫ್‌ಎಸ್: 4612ಕೆಯಿಂದ 16384ಕೆ. ಶುರು ತಪ್ಪು, ಕೊನೆ ಸರಿ.

4ಕೆ ಸೆಕ್ಟರ್ ಆನ್ ಇರುವವರೆಗೆ ನಾಲ್ಕೂ ಚೆನ್ನಾಗಿ ನಡೆಯುತ್ತವೆ, ಏಕೆಂದರೆ ಎಲ್ಲವೂ 4ರಿಂದ ಭಾಗವಾಗುತ್ತವೆ. ಆಫ್ ಮಾಡಿದ ಕೂಡಲೇ ಎನ್ವ್, ಕರ್ನಲ್, ರೂಟ್‌ಎಫ್‌ಎಸ್ ಮೂರೂ ಓದಲು ಮಾತ್ರ. ಎನ್ವ್‌ನ ಗಾತ್ರ ಒಂದೇ ತಪ್ಪಿದ್ದು, ಅದರ ಹಿಂದೆ ಬಂದವೆಲ್ಲ ಜಾರಿದವು. ಪ್ರತಿ ತುಂಡಿನ ಗಾತ್ರವನ್ನಷ್ಟೇ ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ. 4096ಕೆ ನೋಡಲು ಎಷ್ಟು ಚೆಂದದ ಸಂಖ್ಯೆ! ಶುರುವಾಗುವ ಜಾಗವನ್ನು ಪ್ರತಿ ಸಾಲಿನ ಪಕ್ಕ ಬರೆದು ಭಾಗಿಸಿ ನೋಡಬೇಕು.

ಎನ್ವ್‌ಗೆ 64ಕೆ ಕೊಟ್ಟರೆ ಕರ್ನಲ್ 576ಕೆಯಲ್ಲಿ ಶುರು, 4672ಕೆಯಲ್ಲಿ ಮುಗಿತಾಯ, ರೂಟ್‌ಎಫ್‌ಎಸ್‌ಗೆ 11712ಕೆ. ಇದನ್ನು ಬ್ಲಾಕ್ ಲೆಕ್ಕದಲ್ಲೇ ಇಡುವುದು ಒಳ್ಳೆಯ ಅಡ್ಡದಾರಿ: 8, 1, 64, 183. ಕೂಡಿದರೆ 256 ಬರಬೇಕು. ಬಂತು, ಮುಗಿಯಿತು. ಕೆಬಿಯಲ್ಲಿ ಯೋಚಿಸುವುದನ್ನೇ ಬಿಟ್ಟು ಬ್ಲಾಕ್‌ಗಳಲ್ಲಿ ಹಂಚಿ, ಕೊನೆಯಲ್ಲಿ 64ರಿಂದ ಗುಣಿಸಿ ಸಾಲಿಗೆ ಹಾಕಿ. ಗೆರೆ ತಪ್ಪಲು ಸಾಧ್ಯವೇ ಇಲ್ಲ.

ಹಾಗಾದರೆ 4ಕೆ ಆನ್ ಇಟ್ಟುಕೊಂಡೇ ಇದ್ದರಾಯಿತಲ್ಲ? ಯುಬಿಐಎಫ್‌ಎಸ್ ಬೇಡವಾಗಿದ್ದರೆ ಆದೀತು. ಯುಬಿಐ ಪ್ರತಿ ಬ್ಲಾಕಿನ ತಲೆಯಲ್ಲಿ 64 ಬೈಟ್‌ನ ಎರಡು ಹೆಡರ್ ಇಡುತ್ತದೆ. ನಾರ್ ಫ್ಲ್ಯಾಶ್‌ನಲ್ಲಿ 65536ರಲ್ಲಿ 128 ಕಳೆದು 65408 ಬೈಟ್ ಉಳಿಯುತ್ತದೆ. 4ಕೆಯಾದರೆ 3968 ಬೈಟ್. ಯುಬಿಐಎಫ್‌ಎಸ್‌ಗೆ ಕನಿಷ್ಠ 15ಕೆ, ಅಂದರೆ 15360 ಬೈಟ್ ಬೇಕು. ಯುಬಿಐ ಅಂಟಿಕೊಳ್ಳುತ್ತದೆ, ವಾಲ್ಯೂಮ್ ಮಾಡಲೂ ಬಿಡುತ್ತದೆ, ಯುಬಿಐಎಫ್‌ಎಸ್ ಮಾತ್ರ ಬ್ಲಾಕ್ ತೀರಾ ಸಣ್ಣದು ಎಂದು ಕೈಯೆತ್ತುತ್ತದೆ. 64ಕೆ ಲೆಕ್ಕದಲ್ಲಿ ಮಾಡಿದ ಇಮೇಜನ್ನು 4ಕೆ ಕರ್ನಲ್‌ಗೆ ಕೊಟ್ಟರಂತೂ ಯುಬಿಐ ಹಂತವೇ ದಾಟದು. ಜೆಎಫ್‌ಎಫ್‌ಎಸ್2 (ಇನ್ನೊಂದು ಫ್ಲ್ಯಾಶ್ ಫೈಲ್‌ಸಿಸ್ಟಮ್) ಹಾಕುವವರಿಗೂ ಇದೇ ಗೋಳು: ಇಮೇಜ್ ಮಾಡುವಾಗ ಕೊಟ್ಟ ಇರೇಸ್ ಬ್ಲಾಕ್ ಗಾತ್ರ ಹೊಂದದಿದ್ದರೆ 1985 ಎಂಬ ಮ್ಯಾಜಿಕ್ ಸಂಖ್ಯೆ ಸಿಗಲಿಲ್ಲ ಎಂಬ ದೂರು ಸಾಲುಸಾಲಾಗಿ ಬರಬಹುದು.

ಆದ್ದರಿಂದ ನಮ್ಮ ಬೋರ್ಡಿಗೆ 4ಕೆ ಆಫ್, ನಕ್ಷೆ 64ಕೆ ಗೆರೆಯಲ್ಲಿ.

ಹ್ಯಾಶ್ ಸಾಲು ಕಾಮೆಂಟ್ ಅಲ್ಲ

ಆಫ್ ಮಾಡಿದ ಆಯ್ಕೆ ಕಾನ್ಫಿಗ್ ಫೈಲಿನಲ್ಲಿ ಹ್ಯಾಶ್‌ನಿಂದ ಶುರುವಾಗಿ 'ಈಸ್ ನಾಟ್ ಸೆಟ್' ಎಂದು ಮುಗಿಯುವ ಸಾಲಾಗಿ ಕೂರುತ್ತದೆ. ನೋಡಲು ಅಪ್ಪಟ ಕಾಮೆಂಟ್. ಫೈಲ್ ಚೊಕ್ಕ ಮಾಡುತ್ತೇನೆಂದು ಹ್ಯಾಶ್ ಸಾಲುಗಳನ್ನೆಲ್ಲ ಅಳಿಸಿದಿರೋ, ಆ ಆಯ್ಕೆ ಡೀಫಾಲ್ಟಿಗೆ ಮರಳುತ್ತದೆ. ಡೀಫಾಲ್ಟ್ ಆಫ್ ಇರುವ ಆಯ್ಕೆಗಳಲ್ಲಿ ಇದರಿಂದ ಏನೂ ಆಗುವುದಿಲ್ಲ, ಅದಕ್ಕೇ ಅಭ್ಯಾಸವಾಗಿಬಿಡುತ್ತದೆ. 4ಕೆ ಸೆಕ್ಟರ್‌ನದು ಡೀಫಾಲ್ಟ್ ಆನ್. ಸಾಲು ಹೋದರೆ 4ಕೆ ಮರಳಿತು, ಯುಬಿಐಎಫ್‌ಎಸ್ ಹೋಯಿತು. ಮರ್ಜ್ ಸ್ಕ್ರಿಪ್ಟೂ ಎಚ್ಚರಿಸುವುದಿಲ್ಲ, ಏಕೆಂದರೆ ನೀವು ಏನನ್ನೂ ಕೇಳಿಯೇ ಇಲ್ಲ.

ಸಾಲಿನ ರೂಪವೂ ಕರಾರುವಾಕ್ಕಾಗಿರಬೇಕು. ಹ್ಯಾಶ್ ಆದಮೇಲೆ ಒಂದು ಸ್ಪೇಸ್ ಬೇಕೇ ಬೇಕು, ಇಲ್ಲವಾದರೆ ನಿಜವಾಗಿಯೂ ಕಾಮೆಂಟ್ ಆಗಿಬಿಡುತ್ತದೆ. ಏಕೆ ಆಫ್ ಮಾಡಿದ್ದು ಎಂಬ ಟಿಪ್ಪಣಿಯನ್ನು ಅದೇ ಸಾಲಿಗೆ ಸೇರಿಸದೆ ಮೇಲಿನ ಸಾಲಿನಲ್ಲಿ ಬರೆಯಿರಿ. ಫ್ರ್ಯಾಗ್ಮೆಂಟ್‌ನಲ್ಲಿ '=ಎನ್' ಎಂದು ಬರೆದರೂ ಕೆಕಾನ್ಫಿಗ್ ಒಪ್ಪುತ್ತದೆ. ಕೈಯಿಂದ ಬರೆಯುವ ಫೈಲಿನಲ್ಲಿ ನನಗೆ ಇದೇ ಇಷ್ಟ, ಯಾರೂ ಕಾಮೆಂಟ್ ಎಂದು ಅಳಿಸುವುದಿಲ್ಲ. ಒಂದೇ ಕಿರಿಕಿರಿ ಎಂದರೆ ಮರ್ಜ್ ಸ್ಕ್ರಿಪ್ಟ್ ಸಾಲುಗಳನ್ನು ಹೋಲಿಸುವಾಗ ಸುಮ್ಮಸುಮ್ಮನೆ ಎಚ್ಚರಿಕೆ ಕೊಡಬಹುದು.

ಇದರ ಮಗ್ಗುಲಿನದೇ ಇನ್ನೊಂದು: ಕಾನ್ಫಿಗ್ಗನ್ನು ಚುಟುಕಾಗಿಸಿ ಡೆಫ್‌ಕಾನ್ಫಿಗ್ ಫೈಲಾಗಿ ಉಳಿಸುವ 'ಸೇವ್‌ಡೆಫ್‌ಕಾನ್ಫಿಗ್' ಡೀಫಾಲ್ಟಿಗೆ ಸಮನಾದ ಸಾಲುಗಳನ್ನು ಬಿಟ್ಟುಬಿಡುತ್ತದೆ. ಎಂಟಿಡಿ_ಓಎಫ್_ಪಾರ್ಟ್ಸ್ ಡೀಫಾಲ್ಟ್ ಆನ್, ಹಾಗಾಗಿ ಡೆಫ್‌ಕಾನ್ಫಿಗ್‌ನಲ್ಲಿ ಕಾಣದು. ಕಾಣಲಿಲ್ಲವೆಂದು ಇಲ್ಲ ಎಂದುಕೊಳ್ಳಬೇಡಿ.

ಬೋರ್ಡ್ ಮೇಲೆ ನೋಡುವುದು

/ಪ್ರಾಕ್/ಎಂಟಿಡಿ ಓದಿ. ಮೂರನೆಯ ಅಂಕಣ ಇರೇಸ್ ಗಾತ್ರ, ಹದಿನಾರರ ಲೆಕ್ಕದಲ್ಲಿ. 00010000 ಇದ್ದರೆ 64ಕೆ, 00001000 ಇದ್ದರೆ 4ಕೆ. ಒಂದು ಸೊನ್ನೆಯ ಜಾಗ ಬದಲಾದದ್ದು, ಓಡುಗಣ್ಣಿಗೆ ತಪ್ಪಿಹೋಗುತ್ತದೆ. ಐಕೆಕಾನ್ಫಿಗ್ ಮತ್ತು ಐಕೆಕಾನ್ಫಿಗ್_ಪ್ರಾಕ್ ಆನ್ ಮಾಡಿಟ್ಟರೆ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ಗನ್ನೇ ಬೋರ್ಡಿನಿಂದ ಓದಬಹುದು. ಘಟ್ಟದ ಮೇಲಿನ ಬೋರ್ಡಿಗೆ ಆ ಕೆಲವು ಕೆಬಿ ಖರ್ಚು ಮಾಡಲು ಅಡ್ಡಿಯಿಲ್ಲ.

ಓದಲು ಮಾತ್ರ ಆಗಿಹೋದ ಪಾರ್ಟಿಷನ್ನಿಗೆ ಬರೆಯಲು ಹೋದರೆ ರೂಟ್ ಬಳಕೆದಾರರಿಗೂ 'ಪರ್ಮಿಷನ್ ಡಿನೈಡ್' ಬರುತ್ತದೆ. ಸಿಎಚ್‌ಮೋಡ್ ಮಾಡುತ್ತ ಕೂರಬೇಡಿ, ಬೂಟ್ ಲಾಗ್‌ನಲ್ಲಿ 'ಫೋರ್ಸ್ ರೀಡ್-ಓನ್ಲಿ' ಹುಡುಕಿ.

ಎಂಟಿಡಿ_ಪಾರ್ಟಿಷನ್ಡ್_ಮಾಸ್ಟರ್ ಆನ್ ಆದರೆ ಇಡೀ ಚಿಪ್ ಎಂಟಿಡಿ0 ಆಗಿ ಉಳಿಯುತ್ತದೆ, ಉಳಿದವುಗಳ ಸಂಖ್ಯೆ ಒಂದೊಂದು ಮುಂದೆ ಹೋಗುತ್ತದೆ. ರೂಟ್‌ಗೆ ಸಂಖ್ಯೆ ಕೊಟ್ಟಿದ್ದರೆ ಬೂಟ್ ಆಗದು. 'ಯುಬಿಐ.ಎಂಟಿಡಿ=ರೂಟ್‌ಎಫ್‌ಎಸ್' ಎಂದು ಹೆಸರಿನಿಂದಲೇ ಕರೆಯಿರಿ.

ಎನ್ವ್ ತುಂಡು 4ಕೆಯಿಂದ 64ಕೆಗೆ ಹಿಗ್ಗಿದಾಗ ಯುಬೂಟ್ ಕಡೆಯೂ ಕೈ ಹಾಕಬೇಕು, ಅದಕ್ಕೆ ಬೇರೆಯೇ ಕಾನ್ಫಿಗ್ ಫೈಲ್ ಇದೆ. ಎನ್ವ್_ಸೆಕ್ಟ್_ಸೈಜ್ ಮಾತ್ರ 64ಕೆ ಮಾಡಿ, ಎನ್ವ್_ಸೈಜ್ 4ಕೆಯೇ ಇರಲಿ. ಸಿಆರ್‌ಸಿ (ಬರೆದದ್ದು ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಲೆಕ್ಕ ಆಗುವುದು ಎನ್ವ್_ಸೈಜ್ ಮೇಲೆ. ಅದನ್ನು ಬದಲಿಸಿದರೆ ಈಗಾಗಲೇ ಉಳಿಸಿಟ್ಟ ಎನ್ವಿರಾನ್ಮೆಂಟ್ 'ಬ್ಯಾಡ್ ಸಿಆರ್‌ಸಿ' ಆಗಿ ಬೂಟ್‌ಲೋಡರ್ ತನ್ನ ಡೀಫಾಲ್ಟಿಗೆ ಬೀಳುತ್ತದೆ, ಅದರೊಳಗಿದ್ದ ಎಂಟಿಡಿಪಾರ್ಟ್ಸ್ ಸಾಲೂ ಹೋಗುತ್ತದೆ. ಲಿನಕ್ಸ್ ಕಡೆಯ ಎಫ್‌ಡಬ್ಲ್ಯು_ಎನ್ವ್.ಕಾನ್ಫಿಗ್ ಫೈಲಿನಲ್ಲೂ ಇದೇ ಜೋಡಿ: ಮೂರನೆಯ ಅಂಕಣ 4ಕೆ, ನಾಲ್ಕನೆಯ ಅಂಕಣ 64ಕೆ.