ಪಟ್ಟಿಯಲ್ಲಿದ್ದರೆ ಬ್ಲಾಕ್: ಟಾರ್ ಬ್ರಿಜ್‌ಗಳು ಬಂದ ದಾರಿ

ಟಾರ್ ಅಂದರೆ ಗುರುತು ಬಚ್ಚಿಟ್ಟು ಇಂಟರ್ನೆಟ್‌ನಲ್ಲಿ ಓಡಾಡಲು ಸ್ವಯಂಸೇವಕರ ಸರ್ವರ್‌ಗಳಿಂದ ಕಟ್ಟಿದ ಜಾಲ. ಬ್ರಿಜ್ ಅದರೊಳಗೆ ಹೋಗುವ ಗುಟ್ಟಿನ ಬಾಗಿಲು. ಬ್ರಿಜ್ ನಡೆಸುವವರಿಗೆ ಸಿಗುವ ಸುದ್ದಿ ಒಂದೇ ಸಾಲಿನದು. ಕಳೆದ 6 ಗಂಟೆಯಲ್ಲಿ ಇಷ್ಟು ಜನ ಬಂದುಹೋದರು ಎಂದು ಸರ್ವರ್‌ನ ಲಾಗ್, ಅಂದರೆ ಅದು ತಾನೇ ಬರೆದಿಡುವ ದಿನಚರಿ, ಹೇಳುತ್ತದೆ. ಯಾರು ಅಂತ ಇಲ್ಲ, ಏನು ಓದಿದರು ಅಂತಲೂ ಇಲ್ಲ. ಯಾವ ದೇಶದವರು ಎಂಬ ಲೆಕ್ಕ ಬೇರೆ ಕಡೆ ಇರುತ್ತದೆ. ಅದನ್ನೂ 8ರ ಮಗ್ಗಿಗೆ ಏರಿಸಿಯೇ ಬರೆಯುವುದು. ಒಬ್ಬರು ಬಂದರೂ 8, ಏಳು ಜನ ಬಂದರೂ 8. ಒಂದು ದೇಶದಿಂದ ಬಂದ ಒಬ್ಬನೇ ಓದುಗ ಸಿಕ್ಕಿಬೀಳಬಾರದಲ್ವಾ, ಅದಕ್ಕೆ.

ಮೊದಲು ಇಷ್ಟು ಗುಟ್ಟು ಇರಲಿಲ್ಲ. ಸರ್ವರ್ ಕೊಟ್ಟವರ ಇಂಟರ್ನೆಟ್ ವಿಳಾಸವಂತೂ ಬಯಲಲ್ಲೇ ಇತ್ತು.

ಟಾರ್‌ನ ಬೇರು ಇರುವುದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. 1990ರ ದಶಕದ ಮಧ್ಯದಲ್ಲಿ ಪಾಲ್ ಸೈವರ್ಸನ್, ಮೈಕೆಲ್ ರೀಡ್, ಡೇವಿಡ್ ಗೋಲ್ಡ್‌ಶ್ಲ್ಯಾಗ್ ಅಲ್ಲಿ 'ಆನಿಯನ್ ರೂಟಿಂಗ್' ಶುರು ಮಾಡಿದರು. ಈರುಳ್ಳಿಯ ಹಾಗೆ ಸಿಪ್ಪೆ ಮೇಲೆ ಸಿಪ್ಪೆ. ಸಂದೇಶ ಮೂರು ಸರ್ವರ್ ದಾಟಬೇಕು, ಒಂದೊಂದೂ ಒಂದು ಸಿಪ್ಪೆ ಸುಲಿಯುತ್ತದೆ. ಮೊದಲನೆಯದಕ್ಕೆ ನೀವು ಯಾರು ಅಂತ ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಅಂತ ಗೊತ್ತಿಲ್ಲ. ಕೊನೆಯದಕ್ಕೆ ಇದರ ಉಲ್ಟಾ. ನಡುವಿನದಕ್ಕೆ ಎರಡೂ ಗೊತ್ತಿಲ್ಲ.

ಆದರೆ ನೌಕಾಪಡೆಯವರಷ್ಟೇ ಬಳಸುವ ಜಾಲದಿಂದ ಏನು ಹೊರಬಂದರೂ ಅದು ನೌಕಾಪಡೆಯದೇ ಅಂತ ಮಗುವಿಗೂ ತಿಳಿಯುತ್ತದೆ. ಬಚ್ಚಿಟ್ಟುಕೊಳ್ಳಲು ಜನಜಂಗುಳಿ ಬೇಕು. ಸೈವರ್ಸನ್ ಜೊತೆ ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಸೇರಿ ಬೆಳೆಸಿದ ಟಾರ್ ಜಾಲ 2002ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿದ್ದು ಹೀಗೆ. 2003ರ ಕೊನೆಗೆ ಸ್ವಯಂಸೇವಕರ ಸರ್ವರ್‌ಗಳು ಹೆಚ್ಚುಕಡಿಮೆ ಒಂದು ಡಜನ್. ಒಂದು ಜರ್ಮನಿಯಲ್ಲಿ, ಉಳಿದವು ಬಹುಪಾಲು ಅಮೆರಿಕದಲ್ಲಿ.

ಈ ಸರ್ವರ್‌ಗಳನ್ನು ರಿಲೇ ಎನ್ನುತ್ತಾರೆ. ಅವುಗಳ ಪೂರ್ತಿ ಪಟ್ಟಿ ಗಂಟೆಗೊಮ್ಮೆ ಹೊಸದಾಗಿ ಪ್ರಕಟವಾಗುತ್ತದೆ. ಆಗಲೇಬೇಕು. ಎಲ್ಲರಿಗೂ ಒಂದೇ ಪಟ್ಟಿ ಸಿಕ್ಕರೆ ತಾನೇ ನಂಬಿ ದಾರಿ ಆರಿಸಿಕೊಳ್ಳುವುದು? ಎಡವಟ್ಟು ಇರುವುದೂ ಅಲ್ಲೇ. ಸೆನ್ಸಾರ್ ಮಾಡುವವನೂ ಅದೇ ಪಟ್ಟಿ ಇಳಿಸಿಕೊಂಡು ಒಂದೊಂದೇ ವಿಳಾಸ ಮುಚ್ಚಬಹುದು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಗಣರಾಜ್ಯದ 60ನೇ ವರ್ಷಾಚರಣೆಗೆ ಮುಂಚೆ, ಚೀನಾ ಮಾಡಿದ್ದು ಇದನ್ನೇ.

ಹೀಗಾಗಬಹುದು ಅಂತ ಟಾರ್‌ನವರಿಗೆ ಮೊದಲೇ ಅಂದಾಜಿತ್ತು. 2007ರಲ್ಲೇ ಬ್ರಿಜ್ ಕೆಲಸ ಶುರುವಾಗಿತ್ತು. ಬ್ರಿಜ್ ಕೂಡ ರಿಲೇನೇ, ಆದರೆ ಪಟ್ಟಿಯಲ್ಲಿ ಇರುವುದಿಲ್ಲ. ವಿಳಾಸವನ್ನು ಕೇಳಿದವರಿಗೆ ಒಂದೆರಡರಂತೆ ಕೊಡುತ್ತಾರೆ. ಕೇಳುವವರ ಸಾಲಿನಲ್ಲಿ ಸೆನ್ಸಾರ್‌ನ ಕಡೆಯವರೂ ಬಂದು ನಿಂತರೆ? ನಿಂತರು. ಮುಂದಿನದ್ದೆಲ್ಲ ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಆಟ.

2011ರ ಕೊನೆಯ ಹೊತ್ತಿಗೆ ಬ್ರಿಜ್‌ಗಳಿಗೆ ವಿಚಿತ್ರ ಅತಿಥಿಗಳು ಬರತೊಡಗಿದರು. ಚೀನಾದ ಒಳಗಿಂದ ಯಾರೋ ಹೊಸ ಬ್ರಿಜ್‌ಗೆ ಸೇರುತ್ತಾರೆ. ಸ್ವಲ್ಪ ಹೊತ್ತಿಗೇ ಚೀನಾದ ಇನ್ಯಾವುದೋ ವಿಳಾಸದಿಂದ ಅದೇ ಪೋರ್ಟ್‌ಗೆ (ಸರ್ವರ್‌ನ ನಂಬರು ಹಾಕಿದ ಬಾಗಿಲಿಗೆ) ಕರೆ ಬರುತ್ತದೆ, ಅದೂ ಟಾರ್‌ನದೇ ಭಾಷೆಯಲ್ಲಿ. ಬ್ರಿಜ್ ಪಾಪ, ಮರ್ಯಾದೆಯಿಂದ ಉತ್ತರ ಕೊಟ್ಟರೆ ಮುಗೀತು, ಆ ವಿಳಾಸ ಬ್ಲಾಕ್. ಇದಕ್ಕೆ ಮದ್ದಾಗಿ ಬಂದದ್ದು ಆಬ್ಫ್ಸ್4 ಎಂಬ ವೇಷ ಮರೆಸುವ ತಂತ್ರ. ಅದು ಸಂಚಾರವನ್ನು, ಅಂದರೆ ಹೋಗಿಬರುವ ಡೇಟಾವನ್ನು, ಅರ್ಥವಿಲ್ಲದ ಗೊಂದಲದ ಹಾಗೆ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುಟ್ಟಿನ ಕೀಲಿ ಗೊತ್ತಿಲ್ಲದವರ ಮುಂದೆ ಬಾಯಿ ಬಿಡುವುದಿಲ್ಲ. ಆ ಕೀಲಿ ಬ್ರಿಜ್‌ನ ವಿಳಾಸದ ಸಾಲಿನಲ್ಲೇ ಇರುತ್ತದೆ. ಬಾಗಿಲು ತಟ್ಟುವವನಿಗೆ ಮನೆ ಖಾಲಿ ಅನ್ನಿಸಬೇಕು, ಅಷ್ಟೇ.

ಇಲ್ಲಿ ನನ್ನದೂ ಒಂದು ಪೆದ್ದುತನ ಇದೆ. ಮೊದಲು ಮಾಮೂಲಿ ರಿಲೇ ನಡೆಸುತ್ತಿದ್ದೆ. ಬ್ರಿಜ್‌ಗೆ ಜಾಸ್ತಿ ಬೇಡಿಕೆ ಅಂತ ತಿಳಿದಾಗ, ಅದೇ ಸರ್ವರ್‌ನಲ್ಲಿ ಎರಡು ಸಾಲು ತಿದ್ದಿ ಬ್ರಿಜ್ ಮಾಡಿದೆ. ವಿಳಾಸ ಅದೇ, ಪೋರ್ಟೂ ಅದೇ 9001, ಟಾರ್ ಹುಡುಕುವವರು ಮೊದಲು ತಡಕುವ ಪೋರ್ಟ್. ಹಳೆಯ ಪಟ್ಟಿಗಳಲ್ಲಿ ಆ ವಿಳಾಸ ಶಾಶ್ವತವಾಗಿ ಕೂತಿತ್ತು. ಬೋರ್ಡು ತೆಗೆದ ಮಾತ್ರಕ್ಕೆ ಊರಿಗೆ ಅಂಗಡಿ ಮರೆತುಹೋಗುತ್ತಾ?

ಬ್ರಿಜ್ ನಡೆಸುವವರಿಗೆ ಇರುವ ನೆಮ್ಮದಿ ಎಕ್ಸಿಟ್ ರಿಲೇ ನಡೆಸುವವರಿಗೆ ಇಲ್ಲ. ಕೊನೆಯ ಸಿಪ್ಪೆ ಸುಲಿಯುವುದು ಎಕ್ಸಿಟ್. ಹಾಗಾಗಿ ಜಾಲದ ಮೂಲಕ ಯಾರು ಏನು ಮಾಡಿದರೂ ಹೊರಗೆ ಕಾಣುವುದು ಅದರ ವಿಳಾಸ. 2017ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ಎಕ್ಸಿಟ್ ನಡೆಸುತ್ತಿದ್ದ ಒಬ್ಬ ಗಣಿತದ ಮೇಷ್ಟ್ರು ಬಂಧನಕ್ಕೊಳಗಾದರು. ಯಾರೋ ಬರೆದ ಪೋಸ್ಟ್ ಅವರ ತಲೆಗೆ ಬಂತು. ಆರೋಪ ಬಿದ್ದುಹೋಗಲು ಮರುವರ್ಷದವರೆಗೆ ಕಾಯಬೇಕಾಯಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಿಲ್ಟನ್ ಗ್ರಂಥಾಲಯದ ಕಥೆ ಇಷ್ಟು ಕಹಿಯಲ್ಲ. 2015ರಲ್ಲಿ ಅಲ್ಲಿ ರಿಲೇ ಇಟ್ಟರು. ಪೊಲೀಸರ ಆತಂಕ ಕಿವಿಗೆ ಬಿದ್ದ ಮೇಲೆ ನಿಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ಆಡಳಿತ ಮಂಡಳಿ ಸಭೆ ಸೇರಿ ಮತ್ತೆ ಶುರು ಮಾಡಿತು. ಪುಸ್ತಕ ಯಾರು ಒಯ್ದರು ಅಂತ ಹೊರಗೆ ಬಾಯಿಬಿಡದಿರುವುದು ಗ್ರಂಥಪಾಲಕರಿಗೆ ಹಳೆಯ ಅಭ್ಯಾಸ ತಾನೇ.

ಇತ್ತೀಚಿನ ದಾರಿ ಸ್ನೋಫ್ಲೇಕ್. 2021ರ ಜುಲೈನಲ್ಲಿ ಇದು ಟಾರ್ ಬ್ರೌಸರ್‌ನ ಭಾಗವಾಯಿತು. ಇದಕ್ಕೆ ಸರ್ವರ್ ಬೇಕಿಲ್ಲ, ಬ್ರೌಸರ್‌ನಲ್ಲಿ ಒಂದು ಎಕ್ಸ್‌ಟೆನ್ಷನ್ ಸಾಕು. ವಿಡಿಯೊ ಕಾಲ್‌ಗೆ ಬಳಸುವ ವೆಬ್‌ಆರ್‌ಟಿಸಿ ತಂತ್ರವೇ ಇಲ್ಲೂ. ನಿಮ್ಮ ಬ್ರೌಸರ್ ತೆರೆದಿರುವಷ್ಟು ಹೊತ್ತು ನೀವೇ ಸೇತುವೆ, ಮುಚ್ಚಿದರೆ ಮಾಯ. ಸಂಚಾರ ನಿಮ್ಮಿಂದ ಟಾರ್ ಜಾಲದ ಒಳಕ್ಕೆ ಹೋಗುತ್ತದೆ, ಹೊರಗಿನ ತಾಣಕ್ಕೆ ನಿಮ್ಮ ವಿಳಾಸ ಕಾಣುವುದಿಲ್ಲ. ಮೇಷ್ಟ್ರಿಗೆ ಬಂದ ಫಜೀತಿ ಇಲ್ಲಿಲ್ಲ. ಬಂದುಹೋಗುವ ಇಷ್ಟೊಂದು ವಿಳಾಸಗಳನ್ನು ಯಾರು ಪಟ್ಟಿ ಮಾಡುತ್ತಾ ಕೂರುತ್ತಾರೆ?

2021ರ ಡಿಸೆಂಬರ್‌ನಲ್ಲಿ ರಷ್ಯಾ ಟಾರ್ ಮುಚ್ಚಲು ಹೊರಟಾಗ ಸ್ನೋಫ್ಲೇಕ್ ಕೆಲಸಕ್ಕೆ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಪೊಲೀಸರ ವಶದಲ್ಲಿದ್ದ ಯುವತಿ ಮಹ್ಸಾ ಅಮೀನಿ ಸಾವಿನ ನಂತರ ಇರಾನ್ ಬೀದಿಗಿಳಿದಾಗ ಬಳಕೆದಾರರು ದಿಢೀರ್ ಏರಿದರು. ಅಕ್ಟೋಬರ್ ಆರಂಭದಲ್ಲಿ ಅಷ್ಟೇ ದಿಢೀರ್ ಇಳಿದರು. ಈ ಸಲ ಸ್ವಯಂಸೇವಕರ ವಿಳಾಸ ಸಿಕ್ಕಿಬಿದ್ದಿರಲಿಲ್ಲ. ಸಂಪರ್ಕ ಶುರುವಾಗುವಾಗ ಸ್ನೋಫ್ಲೇಕ್ ಹೇಳುತ್ತಿದ್ದ ಮೊದಲ ನಮಸ್ಕಾರ ಮಾಮೂಲಿ ಬ್ರೌಸರ್‌ನ ಹಾಗಿರಲಿಲ್ಲ. ಇರಾನ್ ಅದನ್ನು ಗುರುತು ಹಿಡಿದಿತ್ತು. ನಮಸ್ಕಾರವನ್ನು ಬ್ರೌಸರ್‌ನಂತೆಯೇ ತಿದ್ದಬೇಕಾಯಿತು.

ಬೇರೆ ವಿಳಾಸ, ಬೇರೆ ಪೋರ್ಟ್ ಹಾಕಿ ಆಮೇಲೆ ನಾನು ಎಬ್ಬಿಸಿದ ಬ್ರಿಜ್‌ನ ಲಾಗ್‌ನಲ್ಲಿ ಮೊದಮೊದಲು ಬರೀ ಸೊನ್ನೆ. ಕೆಟ್ಟಿದೆ ಅಂದುಕೊಂಡು ದಿನಾ ಕೆದಕಿದೆ. ಕೆಟ್ಟಿರಲಿಲ್ಲ. ಕೆಲವು ಬ್ರಿಜ್‌ಗಳನ್ನು ಯಾರಿಗೂ ಕೊಡದೆ ಕಷ್ಟಕಾಲಕ್ಕೆ ಅಂತ ತೆಗೆದಿಡುತ್ತಾರಂತೆ. ಈಗ ಸೊನ್ನೆ ಕಂಡರೆ ಸುಮ್ನೆ ಲಾಗ್ ಮುಚ್ಚುತ್ತೇನೆ.