ಕುಶಾಲನಗರದ ಸೈಕಲ್‌ಗೆ ದಾರಿ ಬಿಡಬೇಕಾದವರು ಯಾರು?

ಕೊಡಗಿನಲ್ಲಿ ಸೈಕಲ್ ತುಳಿಯಲು ಹೇಳಿಮಾಡಿಸಿದ ಊರು ಕುಶಾಲನಗರ. ಮಡಿಕೇರಿಯ ಏರಿನಲ್ಲಿ ನಾಲ್ಕು ಸಲ ಪೆಡಲ್ ತುಳಿದರೆ ಏದುಸಿರು ಬರುತ್ತದೆ. ಇಲ್ಲಿ ಕಾವೇರಿ ದಂಡೆಯ ನೆಲ, ಸಮತಟ್ಟು. ಶಾಲೆ ಹೊತ್ತಿಗೆ ಮುಖ್ಯರಸ್ತೆ ಪಕ್ಕ ಸುಮ್ನೆ ನಿಂತು ನೋಡಿ. ಕ್ಯಾರಿಯರ್‌ಗೆ ಬ್ಯಾಗ್ ಸಿಕ್ಕಿಸಿಕೊಂಡ ಹುಡುಗಿ ಟಾರಿನ ಅಂಚು ಹಿಡಿದು ಬರುತ್ತಾಳೆ. ಮುಂದೆ ನಿಲ್ಲಿಸಿದ ಕಾರು, ಹಿಂದೆ ಬಸ್ಸಿನ ಹಾರ್ನ್. ಒಂದು ಕಾಲು ಮಣ್ಣಿಗೆ ಊರಿ ನಿಂತುಬಿಡುತ್ತಾಳೆ. ಬಸ್ ಹೋದ ಮೇಲೆ ಮತ್ತೆ ಪೆಡಲ್.

ಅವಳಿಗೆ ಐದಡಿ ಜಾಗ ಬಿಡಿ ಅಂತ ಯಾರನ್ನು ಕೇಳಬೇಕು? ಪುರಸಭೆಯನ್ನು ಅಂದುಕೊಳ್ಳುತ್ತೇವೆ. ಆದರೆ ಆ ರಸ್ತೆ ಪುರಸಭೆಯದ್ದಲ್ಲ.

1952ರಲ್ಲಿ ಕೊಡಗಿಗೆ ತನ್ನದೇ ವಿಧಾನಸಭೆ ಇತ್ತು, 24 ಸದಸ್ಯರದ್ದು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಅಧಿಕಾರ ಬೆಂಗಳೂರಿಗೆ ಹೋಯಿತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಬಂದದ್ದೂ ಅದೇ ವರ್ಷ. ರಾಷ್ಟ್ರೀಯ ಹೆದ್ದಾರಿ ಅಂತ ಘೋಷಿಸಿದ ರಸ್ತೆ ಕೇಂದ್ರದ್ದು ಅನ್ನುತ್ತದೆ ಅದು. ನಮ್ಮೂರಿನ ಮುಖ್ಯರಸ್ತೆ ಅಂದರೆ ಮೈಸೂರು–ಮಡಿಕೇರಿ ರಸ್ತೆಯೇ; ಮುಂಚೆ ರಾಜ್ಯ ಹೆದ್ದಾರಿಯಾಗಿದ್ದ ಅದು ಈಗ ರಾಷ್ಟ್ರೀಯ ಹೆದ್ದಾರಿ 275. ರಸ್ತೆ ಇದ್ದಲ್ಲೇ ಇದೆ, ಅದರ ಯಜಮಾನರು ದೆಹಲಿಯಷ್ಟು ದೂರ ಹೋದರು.

ಪುರಸಭೆಯಂಥ ಸ್ಥಳೀಯ ಸಂಸ್ಥೆಗಳ ಬಗ್ಗೆ ಬಂದ 1992ರ ಸಂವಿಧಾನದ 74ನೇ ತಿದ್ದುಪಡಿ ಊರುಗಳಿಗೆ ಆಸೆ ಹುಟ್ಟಿಸಿತ್ತು. ಅದು ಸೇರಿಸಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ರಸ್ತೆ, ಸೇತುವೆಯೂ ಇವೆ. ಆದರೆ ಈ ಅಧಿಕಾರಗಳನ್ನು ರಾಜ್ಯ ಸ್ಥಳೀಯ ಸಂಸ್ಥೆಗೆ 'ಕೊಡಬಹುದು' ಅಂತಿದೆ, 'ಕೊಡಲೇಬೇಕು' ಅಂತಿಲ್ಲ. ನನ್ನ ಪ್ರಕಾರ ಊರುಗಳು ಸೋತದ್ದು ಈ ಒಂದು ಪದದಲ್ಲೇ.

2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಒಳ್ಳೆ ಕೆಲಸ. ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಹೈಸ್ಕೂಲಿಗೆ ಹೋದರು. ಸೈಕಲ್ ಜೊತೆ ದಾರಿ ಮಾತ್ರ ಬರಲಿಲ್ಲ.

ಈ ಜಗಳ ನಮ್ಮಲ್ಲಷ್ಟೇ ಇಲ್ಲ. ಕೆನಡಾದ ಟೊರೊಂಟೊದಲ್ಲಿ ನಗರಾಡಳಿತವೇ ಬ್ಲೂರ್, ಯಂಗ್, ಯೂನಿವರ್ಸಿಟಿ ರಸ್ತೆಗಳಲ್ಲಿ ಸೈಕಲ್ ಪಥ ಮಾಡಿತ್ತು. 2024ರ ನವೆಂಬರ್‌ನಲ್ಲಿ ಒಂಟಾರಿಯೊ ಪ್ರಾಂತ್ಯ ಕಾನೂನು ತಂದಿತು: ಕಾರಿನ ಲೇನ್ ತೆಗೆದು ಸೈಕಲ್ ಪಥ ಮಾಡುವುದಾದರೆ ಪ್ರಾಂತ್ಯದ ಒಪ್ಪಿಗೆ ಬೇಕು, ಆ ಮೂರು ರಸ್ತೆಗಳ ಪಥವನ್ನೂ ಕಿತ್ತುಹಾಕುತ್ತೇವೆ ಅಂತ. ಸೈಕಲ್ ಸವಾರರು ಕೋರ್ಟಿಗೆ ಹೋದರು. ಪಥ ಕಿತ್ತರೆ ಜನರ ಜೀವಕ್ಕೆ ಅಪಾಯ, ಅದು ಸಂವಿಧಾನಕ್ಕೆ ವಿರುದ್ಧ ಅಂತ 2025ರ ಜುಲೈನಲ್ಲಿ ತೀರ್ಪು ಬಂತು. ರಸ್ತೆ ಯಾರದ್ದು ಅನ್ನುವುದಕ್ಕಿಂತ ಅದರ ಮೇಲೆ ಹೋಗುವವರ ಜೀವ ದೊಡ್ಡದು ಅಂತ ಒಂದು ಕೋರ್ಟ್ ಯೋಚಿಸಿತಲ್ಲ, ಅದು ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಅಲ್ಲಿ ಪಥ ಉಳಿಸಿಕೊಳ್ಳುವ ಹೋರಾಟ, ನಮ್ಮಲ್ಲಿ ಮೊದಲ ಗೆರೆಯೇ ಬಿದ್ದಿಲ್ಲ. ಹೆದ್ದಾರಿ ಮುಟ್ಟಲು ದೆಹಲಿಯ ಒಪ್ಪಿಗೆ ಬೇಕು, ಸರಿ. ಆದರೆ ಬಡಾವಣೆಯ ಒಳರಸ್ತೆಗಳು ಪುರಸಭೆಯವೇ ಅಲ್ವಾ? ಶಾಲೆ ಕಡೆ ಹೋಗುವ ಒಂದು ಒಳರಸ್ತೆ ಆರಿಸಿಕೊಳ್ಳಲಿ. ಒಂದು ಬದಿ ಪಾರ್ಕಿಂಗ್ ನಿಲ್ಲಿಸಿ ಬಿಳಿ ಗೆರೆ ಎಳೆಯಲಿ. ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಮಾಡಬಹುದು.